‘ಹಿಮ್ಮಡಿಯ ನರ ಕೊಯ್ದರೆ ನನ್ನ ಮಗ ಎಲ್ಲರ ಹಾಗೆ ನಡೆಯುತ್ತಾನಾ?’

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮಗನಿಗೆ 5 ವರ್ಷ. ಸೆರೆಬ್ರಲ್ ಪಾಲ್ಸಿ ಎಂದು ಹೇಳಿದ್ದಾರೆ. ಗೋಡೆ ಹಿಡಿದೋ ನನ್ನ ಕೈ ಹಿಡಿದೋ ತುದಿಗಾಲಲ್ಲಿ ನಡೆಯುತ್ತಾನೆ. ಹಿಮ್ಮಡಿಯ ನರ ಕೊಯ್ದು ಉದ್ದ ಮಾಡಿಸಿ, ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಈಗಲೇ ಬೇಡ, ಕಾಯಿರಿ ಎಂದರು. ಆಪರೇಷನ್ ಆದರೆ ಅವನು ಎಲ್ಲರ ಹಾಗೆ ನಡೆಯುತ್ತಾನಾ?

ಉತ್ತರ: ನಾನು ಆಪರೇಷನ್ ಮಾಡುವ ಡಾಕ್ಟರಲ್ಲ. ಶಿವಮೊಗ್ಗದಲ್ಲಿ ಮಕ್ಕಳಿಗೆ ಫಿಸಿಯೋಥೆರಪಿ ಮಾಡಿಸುವವಳು. ಆಪರೇಷನ್‌ಗೆ ಮೊದಲೂ ಆಮೇಲೂ ಮಕ್ಕಳು ನನ್ನ ಚಾಪೆಯ ಮೇಲೇ ಇರುತ್ತಾರೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮೊದಲು ಈ ‘ನರ’ದ ವಿಷಯ. ನಮ್ಮ ಕಡೆ ಎಳೆದು ನಿಂತದ್ದಕ್ಕೆಲ್ಲ ನರ ಎನ್ನುತ್ತೇವೆ. ಹಿಮ್ಮಡಿಯ ಹಿಂದೆ ಕೈಗೆ ಸಿಗುವ ಗಟ್ಟಿ ಹುರಿ ನರ ಅಲ್ಲ. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿದ ಹಗ್ಗ ಅದು. ಅದನ್ನು ಉದ್ದ ಮಾಡಿದರೆ ಕಾಲು ಸ್ವಾಧೀನ ತಪ್ಪುವುದಿಲ್ಲ. ಈ ಒಂದು ಪದದ ಭಯಕ್ಕೇ ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರು ಆಪರೇಷನ್ ಬೇಡವೇ ಬೇಡ ಎಂದು ಕೂತಿದ್ದಾರೆ.

ಪೆಟ್ಟು ಆಗಿರುವುದು ಕಾಲಿಗಲ್ಲ, ಮೆದುಳಿಗೆ. ಆ ಪೆಟ್ಟು ಜಾಸ್ತಿಯಾಗುವುದಿಲ್ಲ, ಕಾಲಿನ ಆಪರೇಷನ್‌ನಿಂದ ವಾಸಿಯೂ ಆಗುವುದಿಲ್ಲ. ಆದರೆ ಮಗು ಬೆಳೆಯುತ್ತದೆ ಅಲ್ವಾ? ಮೂಳೆ ಉದ್ದವಾಗುತ್ತಾ ಹೋಗುತ್ತದೆ. ಜೊತೆಗೆ ಸ್ನಾಯುವೂ ಬೆಳೆಯಬೇಕೆಂದರೆ ಓಡಿ, ಕುಣಿದು, ಕುಕ್ಕರಗಾಲಲ್ಲಿ ಕೂತು ಅದನ್ನು ದಿನವೂ ಎಳೆಯುತ್ತಿರಬೇಕು. ಸೆಟೆದುಕೊಂಡ ಸ್ನಾಯುವಿಗೆ ಆ ಎಳೆತ ಸಿಗುವುದಿಲ್ಲ. ಮೂಳೆ ಮುಂದೆ ಹೋಗುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ. ಮೂಳೆ ಡಾಕ್ಟರು ಸರಿಮಾಡುವುದು ಈ ಎರಡನೆಯ ತೊಂದರೆಯನ್ನು ಮಾತ್ರ. ಹಾಗಾಗಿ ‘ಎಲ್ಲರ ಹಾಗೆ’ ಎಂದು ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ. ‘ಈಗಿಗಿಂತ ಸುಲಭವಾಗಿ’ ಎಂದು ಕೇಳಿದರೆ, ಸರಿಯಾದ ವಯಸ್ಸಿನಲ್ಲಿ ಸರಿಯಾದ ಆಪರೇಷನ್ ಆದರೆ, ಹೌದು.

ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದವನು ಇಂಗ್ಲೆಂಡಿನ ವಿಲಿಯಂ ಜಾನ್ ಲಿಟಲ್ ಎಂಬ ಡಾಕ್ಟರು. ಅವನ ಪಾದವೇ ಸೊಟ್ಟಗಿತ್ತು. 1836ರಲ್ಲಿ ಜರ್ಮನಿಗೆ ಹೋಗಿ ಹಿಮ್ಮಡಿಯ ಹಗ್ಗ ಕೊಯ್ಸಿಕೊಂಡು ಸರಿಮಾಡಿಕೊಂಡು ಬಂದ. ಆದರೆ ಅವನದು ಮೆದುಳಿನ ತೊಂದರೆ ಆಗಿರಲಿಲ್ಲ. ಒಂದೇ ಹಗ್ಗ, ಒಂದೇ ಕೊಯ್ತ, ಕಾರಣ ಮಾತ್ರ ಬೇರೆ. ‘ನಮ್ಮ ಪರಿಚಯದವರ ಮಗನಿಗೆ ಮಾಡಿದರು, ಈಗ ಓಡುತ್ತಾನೆ’ ಎಂದು ಯಾರಾದರೂ ಹೇಳಿದಾಗ ಇದು ನೆನಪಿರಲಿ.

ಇನ್ನು, ಕಾಯಿರಿ ಎಂದವರು ಯಾಕೆ ಹಾಗೆಂದರು? ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಹೊರಗಿನದು ಮಂಡಿಯನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಒಳಗಿನದು ಮಂಡಿಯ ಕೆಳಗೇ ನಿಲ್ಲುತ್ತದೆ. ಎರಡೂ ಸೇರುವುದು ಆ ಹಗ್ಗದಲ್ಲಿ. ಡಾಕ್ಟರು ಮಗುವನ್ನು ಮಲಗಿಸಿ, ಮಂಡಿ ಮಡಿಸಿ ಪಾದವನ್ನು ಮೇಲಕ್ಕೆ ಒತ್ತುತ್ತಾರೆ. ಆಮೇಲೆ ಮಂಡಿ ನೀಟ ಮಾಡಿ ಇನ್ನೊಮ್ಮೆ ಒತ್ತುತ್ತಾರೆ. ಮಡಿಸಿದಾಗ ಸಲೀಸಾಗಿ ಬಂದ ಪಾದ ನೀಟ ಮಾಡಿದಾಗ ತಡೆದು ನಿಂತರೆ, ಬಿಗಿಯಾಗಿರುವುದು ಹೊರಗಿನ ಸ್ನಾಯು ಮಾತ್ರ. ಆಗ ಹಗ್ಗವನ್ನು ಮುಟ್ಟದೆ ಆ ಹೊರಗಿನ ಸ್ನಾಯುವನ್ನಷ್ಟೇ ಸಡಿಲ ಮಾಡಬಹುದು. ಎರಡು ನಿಮಿಷದ ಪರೀಕ್ಷೆ ಇದು. ನಿಮ್ಮ ಮಗನಿಗೆ ಯಾರೂ ಮಾಡಿಲ್ಲವಾದರೆ, ಕೊಯ್ಯುವ ಮಾತು ಇನ್ನೂ ಬೇಗ.

ಯಾಕೆಂದರೆ ಒಳಗಿನ ಸ್ನಾಯುವಿಗೆ ಒಂದು ದೊಡ್ಡ ಕೆಲಸ ಇದೆ. ನಿಂತಾಗ ಕಾಲು ಮುಂದಕ್ಕೆ ಕುಸಿಯದಂತೆ ಹಿಂದಿನಿಂದ ಹಿಡಿದಿರುವುದು ಅದೇ. ಎರಡೂ ಕಾಲಿಗೆ ಸಿ.ಪಿ. (ಸೆರೆಬ್ರಲ್ ಪಾಲ್ಸಿ) ಇರುವ ಮಗುವಿಗೆ ಚಿಕ್ಕಂದಿನಲ್ಲೇ ಹಗ್ಗವನ್ನು ಜಾಸ್ತಿ ಉದ್ದ ಮಾಡಿದರೆ ಹಿಮ್ಮಡಿ ನೆಲಕ್ಕೆ ತಾಗುತ್ತದೆ, ಮನೆಯವರಿಗೆಲ್ಲ ಖುಷಿ. ನಾಲ್ಕೈದು ವರ್ಷ ಕಳೆದು ಮೈ ಭಾರವಾದಾಗ ಮಂಡಿ ಬಗ್ಗುತ್ತದೆ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರ ಹಾಗೆ ಕುಗ್ಗಿ ನಡೆಯುತ್ತಾರೆ. ತುದಿಗಾಲನ್ನು ಇಳಿಸುವುದು ಸುಲಭ, ಈ ಕುಗ್ಗುನಡೆಯನ್ನು ಎತ್ತುವುದು ಬಹಳ ಕಷ್ಟ. ಅದಕ್ಕೇ 5 ವರ್ಷದವರಿಗೆ ಸಾಮಾನ್ಯವಾಗಿ ಎಳೆತದ ವ್ಯಾಯಾಮ, ಪಾದಕ್ಕೆ ಪ್ಲಾಸ್ಟಿಕ್ ಸ್ಪ್ಲಿಂಟ್, ಬೇಕಾದರೆ ಸೆಟೆದ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್, ವಾರವಾರ ಬದಲಿಸುವ ಪ್ಲಾಸ್ಟರ್, ಹೀಗೆ ದಿನ ದೂಡುತ್ತಾರೆ. ಬೊಟಾಕ್ಸ್‌ನ ಗುಣ ಮೂರರಿಂದ ಆರು ತಿಂಗಳು.

ಈಗ ನೀವು ಕೇಳದ ವಿಷಯಕ್ಕೆ ಬರುತ್ತೇನೆ. ನನಗೆ ನಿಮ್ಮ ಮಗನ ಹಿಮ್ಮಡಿಗಿಂತ ಸೊಂಟದ ಚಿಂತೆ ಜಾಸ್ತಿ.

ಒರಳು ಮತ್ತು ಗುಂಡನ್ನು ನೆನಪಿಸಿಕೊಳ್ಳಿ. ತೊಡೆಮೂಳೆಯ ತಲೆ ಗುಂಡು, ಸೊಂಟದ ಮೂಳೆ ಒರಳು. ಮಗು ನಿಂತು ನಡೆದಂತೆ ಗುಂಡು ಕೂತ ಕಡೆಯೇ ಒರಳಿನ ಗುಳಿ ಆಳವಾಗುತ್ತದೆ. ತೊಡೆಸಂದಿನ ಸ್ನಾಯು ಬಿಗಿಯಾಗಿದ್ದರೆ ಗುಂಡು ಸ್ವಲ್ಪ ಸ್ವಲ್ಪವೇ ಹೊರಗೆ ಸರಿಯುತ್ತದೆ. ನೋವಿಲ್ಲ, ಮಗು ಅಳುವುದಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಸಿ.ಪಿ. ಮಕ್ಕಳನ್ನು ನಡೆಯುವ ಶಕ್ತಿಯ ಮೇಲೆ ಐದು ಹಂತ ಮಾಡುತ್ತಾರೆ, ಮೊದಲನೆಯದು ಹಗುರ, ಐದನೆಯದು ತೀವ್ರ. ಕೈಗೆ ಆಸರೆ ಬೇಕೇ ಬೇಕು ಎಂದರೆ ಸಾಮಾನ್ಯವಾಗಿ ಮೂರನೇ ಹಂತ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮಕ್ಕಳನ್ನು ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂರನೇ ಹಂತದ 100 ಮಕ್ಕಳಲ್ಲಿ ಸುಮಾರು 40 ಮಂದಿಗೆ ಸೊಂಟ ಸರಿದಿತ್ತು. ಐದನೇ ಹಂತದಲ್ಲಿ 90. ಮೊದಲ ಹಂತದಲ್ಲಿ ಯಾರಿಗೂ ಇಲ್ಲ.

ಕೆಲಸ ಶುರುಮಾಡಿದ ಹೊಸದರಲ್ಲಿ ತೀರ್ಥಹಳ್ಳಿ ಕಡೆಯ ಒಂದು ಹುಡುಗಿಗೆ ಎರಡು ವರ್ಷ ಹಿಮ್ಮಡಿಯನ್ನೇ ಎಳೆದೆ. ಸೊಂಟದ ಎಕ್ಸ್‌ರೇ ಕೇಳಲೇ ಇಲ್ಲ. ಅವಳ ಅಮ್ಮ ಒಂದು ದಿನ ‘ಲಂಗ ಹಾಕುವಾಗ ಒಂದು ತೊಡೆ ಅಗಲ ಆಗೋದೇ ಇಲ್ಲ ಮೇಡಂ’ ಎಂದರು. ಎಕ್ಸ್‌ರೇ ಬಂದಾಗ ಗುಂಡು ಅರ್ಧ ಹೊರಗಿತ್ತು. ಬೇಗ ಗೊತ್ತಾಗಿದ್ದರೆ ತೊಡೆಸಂದಿನ ಸ್ನಾಯು ಸಡಿಲಿಸಿದರೆ ಸಾಕಾಗುತ್ತಿತ್ತೇನೋ. ಕೊನೆಗೆ ತೊಡೆಮೂಳೆ ಕತ್ತರಿಸಿ, ತಿರುಗಿಸಿ, ಪ್ಲೇಟ್ ಹಾಕಬೇಕಾಯಿತು. ಆ ತಪ್ಪು ನನ್ನದು. ಹಾಗಾಗಿ ಹಿಮ್ಮಡಿಗೆ ಅವಸರ ಬೇಡ, ಸೊಂಟದ ಎಕ್ಸ್‌ರೇ ಈ ತಿಂಗಳೇ ಆಗಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೇ ತೆಗೆಸಬಹುದು. ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ, ಡಾಕ್ಟರು ಹೇಳಿದ ಹಾಗೆ. ಹಳೆಯ ಫಿಲ್ಮ್ ಎಸೆಯಬೇಡಿ, ಹೋಲಿಸಲು ಬೇಕಾಗುತ್ತದೆ.

ಮುಂದೆ 8-10 ವರ್ಷದ ಹೊತ್ತಿಗೆ ಆಪರೇಷನ್ ಬೇಕಾದರೆ ಹಿಮ್ಮಡಿ, ಮಂಡಿ, ತೊಡೆ ಎಲ್ಲವನ್ನೂ ಒಂದೇ ಸಲ ಮಾಡುವವರನ್ನು ಹುಡುಕಿ. ಹಿಂದೆಲ್ಲ ಈ ವರ್ಷ ಹಿಮ್ಮಡಿ, ಮುಂದಿನ ವರ್ಷ ಮಂಡಿ ಎಂದು ಬಿಡಿಬಿಡಿಯಾಗಿ ಮಾಡುತ್ತಿದ್ದರು. ಮಗುವಿನ ಪ್ರತಿ ಹುಟ್ಟುಹಬ್ಬವೂ ಆಸ್ಪತ್ರೆಯಲ್ಲೇ ಎಂದು ಟೊರೊಂಟೊದ ಮರ್ಸರ್ ರ‍್ಯಾಂಗ್ ಎಂಬ ಸರ್ಜನ್ ಅದಕ್ಕೆ ‘ಬರ್ತ್‌ಡೇ ಸಿಂಡ್ರೋಮ್’ ಎಂದು ಹೆಸರಿಟ್ಟ.

ದಿನ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ಮಳೆ ನೋಡಿ. ಪ್ಲಾಸ್ಟರ್ ಸುಮಾರು ಆರು ವಾರ ಇರುತ್ತದೆ. ಆಷಾಢದಲ್ಲಿ ನಿಮ್ಮ ಕಡೆ ಬಟ್ಟೆಯೇ ಒಣಗಲ್ಲ, ಪ್ಲಾಸ್ಟರ್ ಏನು ಉಳಿದೀತು? ಮಗುವನ್ನು ಎತ್ತಿಕೊಂಡು ಕಾಲುಸಂಕ ದಾಟುವುದು ಬೇರೆ. ಅಡಿಕೆ ಸುಗ್ಗಿಯಲ್ಲೂ ಬೇಡ, ಮನೆಯಲ್ಲಿ ಒಬ್ಬರೂ ಕೈಗೆ ಸಿಗುವುದಿಲ್ಲ. ಸುಗ್ಗಿ ಮುಗಿದು ಫೆಬ್ರವರಿಯಲ್ಲಿ ಆದರೆ ಮಳೆ ಹಿಡಿಯುವ ಮೊದಲು ಪ್ಲಾಸ್ಟರ್ ಬಿಚ್ಚಿ ಅಂಗಳದಲ್ಲಿ ನಡೆಸಲು ಎರಡು ತಿಂಗಳು ಸಿಗುತ್ತದೆ. ಪ್ಲಾಸ್ಟರ್ ಬಿಚ್ಚಿದ ದಿನ ಕಾಲು ಬಾಳೆದಿಂಡಿನ ಹಾಗೆ ಬಲವಿಲ್ಲದೆ ಇರುತ್ತದೆ. ಕೆಲವು ತಿಂಗಳು ಮೊದಲಿಗಿಂತ ಕಡಿಮೆಯೇ ನಡೆಯುತ್ತಾನೆ. ಹೆದರಬೇಡಿ. ಫಲ ಕಾಣಲು ಒಂದು ವರ್ಷ ಬೇಕು, ಅದೂ ದಿನಾ ವ್ಯಾಯಾಮ ಮಾಡಿಸಿದರೆ.

ದುಡ್ಡಿನ ವಿಷಯಕ್ಕೆ, ಅಂಗವಿಕಲರ ಗುರುತಿನ ಚೀಟಿ, ಅಂದರೆ ಯು.ಡಿ.ಐ.ಡಿ. ಕಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಸಿ.ಪಿ. ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿವರೆಗೆ.

ಡಾಕ್ಟರ ಹತ್ತಿರ ಹೋಗುವಾಗ ಮಗನ ಹಳೆಯ ಚಪ್ಪಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ತುದಿ ಸವೆದು ತೂತಾಗಿ, ಹಿಂಬದಿ ಅಂಗಡಿಯಿಂದ ತಂದ ಹಾಗೇ ಇರುತ್ತದೆ. ಎರಡೂ ಕಾಲಿನದು ಒಂದೇ ಥರ ಸವೆದಿದೆಯಾ ಎಂದು ನಾನಂತೂ ಮೊದಲು ಅದನ್ನೇ ನೋಡುತ್ತೇನೆ.