‘ಆಫ್ ಮೈಸ್ ಅಂಡ್ ಮೆನ್’: ಕ್ರುಕ್ಸ್‌ನ ಕೋಣೆಯಿಂದ ಓದು ಶುರು ಮಾಡಿ

ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್‌ನ ಈ ಪುಟ್ಟ ಕಾದಂಬರಿ ಬಂದದ್ದು 1937ರಲ್ಲಿ. ಪರೀಕ್ಷೆಯಲ್ಲಿ ಗೆಳೆತನ, ಒಂಟಿತನ ಅಂತ ಪ್ರಶ್ನೆ ಬಂದರೆ ಎಲ್ಲರೂ ಜೊತೆಯಾಗಿ ಅಲೆಯುವ ಇಬ್ಬರು ಕೂಲಿಯವರಿಂದಲೇ, ಅಂದರೆ ಜಾರ್ಜ್ ಮತ್ತು ಅವನು ನೋಡಿಕೊಳ್ಳುವ ಬುದ್ಧಿ ಬೆಳೆಯದ ಲೆನ್ನಿಯಿಂದಲೇ ಉತ್ತರ ಶುರು ಮಾಡುತ್ತಾರೆ. ನಾನು ಹೇಳೋದು, ಮೊದಲು ನಾಲ್ಕನೇ ಅಧ್ಯಾಯ ಓದಿ. ಇಡೀ ಕಾದಂಬರಿಯ ಜೀವ ಇರೋದು ಅಲ್ಲಿ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. ಆರ್ಥಿಕ ಮುಗ್ಗಟ್ಟಿನ ಕಾಲದ ಕ್ಯಾಲಿಫೋರ್ನಿಯಾ, ಸೊಲೆಡಾಡ್ ಹತ್ತಿರದ ಒಂದು ರಾಂಚ್ (ಕೂಲಿಯವರು ದುಡಿಯುವ ದೊಡ್ಡ ಜಮೀನು), ತಿಂಗಳಿಗೆ 50 ಡಾಲರ್ ಸಂಬಳ. ಕೂಲಿಯವರು ಒಬ್ಬೊಬ್ಬರೇ ಬರುತ್ತಾರೆ, ಒಬ್ಬೊಬ್ಬರೇ ಹೋಗುತ್ತಾರೆ. ಹಾಗಾಗಿ ಇಬ್ಬರು ಜೊತೆಗೆ ಬಂದರೆ ಯಜಮಾನನಿಗೆ ಅನುಮಾನ: ಈ ಜಾರ್ಜ್ ಲೆನ್ನಿಯ ಸಂಬಳ ಹೊಡೀತಿದ್ದಾನಾ? ಒಬ್ಬ ಇನ್ನೊಬ್ಬನ ಬಗ್ಗೆ ಸುಮ್ನೆ ಕಾಳಜಿ ಮಾಡಬಹುದು ಅನ್ನೋದೇ ಅಲ್ಲಿ ಯಾರಿಗೂ ಹೊಳೆಯಲ್ಲ.

ಈಗ ಕ್ರುಕ್ಸ್. ಕುದುರೆ ಲಾಯ ನೋಡಿಕೊಳ್ಳುವ ಕಪ್ಪು ಜನಾಂಗದವನು, ಕುದುರೆ ಒದ್ದು ಬೆನ್ನು ಡೊಂಕಾಗಿದೆ. ಉಳಿದ ಕೂಲಿಯವರ ಮನೆಯೊಳಗೆ ಅವನಿಗೆ ಪ್ರವೇಶವಿಲ್ಲ, ಕುದುರೆ ಸಾಮಾನು ಇಡುವ ಕೋಣೆಯಲ್ಲೇ ವಾಸ. ಅವನ ಹತ್ತಿರ 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕಾನೂನಿನ ಹರಿದ ಪುಸ್ತಕ ಇದೆ. ಈ ಪುಸ್ತಕವನ್ನು ಗಮನಿಸಿ. ತನ್ನ ಹಕ್ಕೇನು ಅಂತ ಅವನಿಗೆ ಗೊತ್ತು, ಆದರೆ ಅದನ್ನು ಕೇಳಿಸಿಕೊಳ್ಳುವವರು ಯಾರೂ ಇಲ್ಲ.

ಶನಿವಾರ ರಾತ್ರಿ, ಜಾರ್ಜ್ ಮತ್ತು ಉಳಿದವರು ಪೇಟೆಗೆ ಹೋಗಿರುವಾಗ, ಲೆನ್ನಿ ಬೆಳಕು ಕಂಡು ಬಾಗಿಲಿಗೆ ಬರುತ್ತಾನೆ. ಕ್ರುಕ್ಸ್ ಮೊದಲು ಗದರುತ್ತಾನೆ, ಆಮೇಲೆ ಕೂರಿಸುತ್ತಾನೆ. ಸ್ವಲ್ಪ ಹೊತ್ತಿಗೇ ಕೆಣಕಲು ಶುರು: ಜಾರ್ಜ್ ವಾಪಸ್ ಬರದಿದ್ದರೆ ಏನ್ಮಾಡ್ತೀಯ? ಲೆನ್ನಿ ಹೆದರಿದಷ್ಟೂ ಇವನಿಗೆ ಹುರುಪು. ಲೆನ್ನಿ ಸಿಟ್ಟಿನಿಂದ ಎದ್ದು ನಿಂತಾಗಲೇ ತಣ್ಣಗಾಗಿ, ತನ್ನ ಸಂಕಟ ಬಿಚ್ಚಿಡುತ್ತಾನೆ: ಮಾತಾಡೋಕೆ ಒಬ್ಬರಾದರೂ ಬೇಕು, ಇಲ್ಲದಿದ್ದರೆ ಮನುಷ್ಯನಿಗೆ ತಲೆ ಕೆಡುತ್ತದೆ ಅಂತ. ಇದನ್ನು ಕ್ರೌರ್ಯ ಅಂತ ಬರೆದು ಮುಂದೆ ಹೋಗಬೇಡಿ. ವರ್ಷಗಟ್ಟಲೆ ತಾನು ಅನುಭವಿಸಿದ್ದನ್ನು ಇನ್ನೊಬ್ಬನಿಗೆ ಅರ್ಧ ಗಂಟೆಯಾದರೂ ಅರ್ಥ ಮಾಡಿಸಬೇಕು ಅನ್ನೋ ತಹತಹ ಅದು.

ಆಮೇಲೆ ರಾಂಚ್‌ನ ಮುದಿ ಕೆಲಸಗಾರ ಕ್ಯಾಂಡಿ ಬರುತ್ತಾನೆ. ಇಷ್ಟು ವರ್ಷ ಒಂದೇ ರಾಂಚ್‌ನಲ್ಲಿದ್ದೂ ಆ ಕೋಣೆಗೆ ಅವನು ಕಾಲಿಡೋದು ಅದೇ ಮೊದಲು! ಕ್ಯಾಂಡಿ, ಜಾರ್ಜ್, ಲೆನ್ನಿ ಸೇರಿ ಜಮೀನು ಕೊಳ್ಳುವ ಕನಸು ಕೇಳಿ ಕ್ರುಕ್ಸ್‌ಗೂ ಆಸೆ ಹುಟ್ಟುತ್ತದೆ, ಸಂಬಳವಿಲ್ಲದೆ ದುಡಿಯುತ್ತೇನೆ ಅನ್ನುತ್ತಾನೆ. ಅಷ್ಟರಲ್ಲಿ ಯಜಮಾನನ ಮಗ ಕರ್ಲಿಯ ಹೆಂಡತಿ ಬರುತ್ತಾಳೆ. ಕಾದಂಬರಿ ಅವಳಿಗೆ ಒಂದು ಹೆಸರನ್ನೂ ಕೊಟ್ಟಿಲ್ಲ. ಅವಳೂ ಮಾತಿಗೆ ಜನ ಹುಡುಕಿಕೊಂಡೇ ಬಂದವಳು. ಆದರೆ ಕ್ರುಕ್ಸ್ ಹೊರಗೆ ಹೋಗು ಅಂದ ತಕ್ಷಣ, ನಿನ್ನನ್ನು ಮರಕ್ಕೆ ನೇತುಹಾಕಿಸೋದು ನನಗೆ ಎಷ್ಟು ಸುಲಭ ಗೊತ್ತಾ ಅಂತ ಬೆದರಿಸುತ್ತಾಳೆ. ಅವನು ಮುದುಡಿ ಹೋಗುತ್ತಾನೆ. ಕೆಲಸದ ಮಾತನ್ನೂ ವಾಪಸ್ ತಗೊಳ್ಳುತ್ತಾನೆ. ಒಂಟಿಯಾದವರು ಒಬ್ಬರಿಗೊಬ್ಬರು ಆಸರೆಯಾಗಬಹುದಿತ್ತು, ಅಲ್ವಾ? ಆದರೆ ಇಲ್ಲಿ ಪ್ರತಿಯೊಬ್ಬರೂ ತಮಗಿಂತ ಬಲಹೀನರನ್ನು ಹುಡುಕಿ ನೋಯಿಸುತ್ತಾರೆ. ನನ್ನ ಪ್ರಕಾರ ಕಾದಂಬರಿಯ ಅತ್ಯಂತ ಕಟು ಮಾತು ಇದೇ.

ಇದನ್ನು ಓದಿದ ಮೇಲೆ ಜಾರ್ಜ್‌ನ ಕಡೆ ತಿರುಗಿ. ಅವನೂ ಹಿಂದೆ ಹೀಗೇ ಇದ್ದವನು. ತಮಾಷೆಗೆ ಲೆನ್ನಿಯನ್ನು ಸ್ಯಾಕ್ರಮೆಂಟೋ ನದಿಗೆ ಹಾರು ಅಂದಿದ್ದ, ಈಜು ಬಾರದ ಲೆನ್ನಿ ಮುಳುಗಿ ಸಾಯುವುದರಲ್ಲಿದ್ದ. ಜಾರ್ಜ್ ಎಳೆದು ಹಾಕಿದಾಗ ಲೆನ್ನಿ ಬೈಯಲಿಲ್ಲ, ಕಾಪಾಡಿದೆ ಅಂತ ಖುಷಿಪಟ್ಟ. ಅಲ್ಲಿಂದ ಜಾರ್ಜ್ ಅಂಥ ಆಟ ಬಿಟ್ಟ. ಈ ಗೆಳೆತನದಲ್ಲಿ ಸಮಾನತೆ ಇಲ್ಲ, ಬೇಸರ ಇದೆ, ಬೈಗುಳ ಇದೆ. ಆದರೂ ಅದು ನಿಜವಾದ ಗೆಳೆತನವೇ, ಯಾಕಂದರೆ ನೋಯಿಸುವ ಅವಕಾಶ ಕೈಯಲ್ಲಿದ್ದೂ ಅವನು ನಿಲ್ಲಿಸಿದ.

ಕ್ಯಾಂಡಿಯ ಮುದಿ ನಾಯಿಯ ಪ್ರಸಂಗವನ್ನು ಕೊನೆಯ ದೃಶ್ಯದ ಜೊತೆಗಿಟ್ಟು ಓದಿ. ನಾಯಿಯನ್ನು ಕೊಲ್ಲೋದು ಕಾರ್ಲ್‌ಸನ್ ಅನ್ನೋ ಕೂಲಿಯವನು. ಕೊನೆಯಲ್ಲಿ, ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಸತ್ತ ಮೇಲೆ, ಬೆನ್ನಟ್ಟಿ ಬರುವವರಿಗೆ ಸಿಗುವ ಮೊದಲು ಲೆನ್ನಿಯನ್ನು ಜಾರ್ಜ್ ತಾನೇ ಕೊಲ್ಲುತ್ತಾನೆ. ಎರಡೂ ಕಡೆ ಕಾರ್ಲ್‌ಸನ್‌ನ ಅದೇ ಲೂಗರ್ ಪಿಸ್ತೂಲು. ನಾಯಿಯನ್ನು ಬೇರೆಯವನ ಕೈಗೆ ಬಿಡಬಾರದಿತ್ತು, ನಾನೇ ಕೊಲ್ಲಬೇಕಿತ್ತು ಅಂತ ಕ್ಯಾಂಡಿ ಜಾರ್ಜ್‌ಗೆ ಹೇಳಿಕೊಂಡಿರುತ್ತಾನೆ. ಕೊನೆಗೆ ಜೊತೆ ಕೆಲಸಗಾರ ಸ್ಲಿಮ್ ಜಾರ್ಜ್‌ನನ್ನು ಕರೆದುಕೊಂಡು ಹೋಗುವಾಗ, ಇವರಿಬ್ಬರಿಗೆ ಏನಾಗಿದೆ ಅಂತ ಕಾರ್ಲ್‌ಸನ್ ಕೇಳುತ್ತಾನೆ. ಅವನು ಕೆಟ್ಟವನೇನಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಿಲ್ಲ. ಪರೀಕ್ಷೆಯಲ್ಲಿ ಈ ಸಾಲನ್ನು ಬಿಡಬೇಡಿ.