ಗಾಳಿ ನೇರ ಬರಲ್ಲ, ಓರೆ ಬರುತ್ತೆ: ಟ್ರಯಾಥ್ಲಾನ್ ಸೈಕಲ್ಲಿಗೆ ಏರೋ ವೀಲ್ ಆರಿಸೋ ವಿಷಯ

ಟ್ರಯಾಥ್ಲಾನಿಗೆ (ಈಜು, ಸೈಕಲ್, ಓಟ ಮೂರೂ ಸೇರಿದ ರೇಸಿಗೆ) ರೇಸ್ ವೀಲ್ ತಗೊಳ್ಳೋಕೆ ಹೋದವರು ಮೊದಲು ಮಾಡೋದೇ ಅದನ್ನ ಕೈಯಲ್ಲಿ ಎತ್ತಿ ತೂಕ ನೋಡೋದು. ಆಮೇಲೆ ಆಕ್ಸಲ್ ಹಿಡ್ಕೊಂಡು ಬೆರಳಲ್ಲಿ ಒಂದು ಸಲ ತಿರುಗಿಸಿ ಎಷ್ಟು ಹೊತ್ತು ಸುತ್ತುತ್ತೆ ಅಂತ ನೋಡೋದು. ಈ ಎರಡೂ ಪರೀಕ್ಷೆಯಿಂದ ರೇಸಲ್ಲಿ ಆ ವೀಲ್ ಹೇಗೆ ಓಡುತ್ತೆ ಅನ್ನೋದು ಗೊತ್ತಾಗೋದೇ ಇಲ್ಲ. ಖಾಲಿ ವೀಲ್ ಗಾಳಿಯಲ್ಲಿ ಜಾಸ್ತಿ ಹೊತ್ತು ಸುತ್ತಿದ್ರೆ ಬೇರಿಂಗಿನ ಸೀಲ್ ಸಡಿಲ ಇದೆ, ಗ್ರೀಸ್ ತೆಳು ಇದೆ ಅಂತ ಅರ್ಥ ಇರಬಹುದು, ಅಷ್ಟೇ. ಮೈಭಾರ ಬಿದ್ದಾಗಿನ ಕಥೆಯೇ ಬೇರೆ.

ತೂಕದ ಲೆಕ್ಕ ಒಮ್ಮೆ ಮಾಡಿಬಿಡೋಣ, ಯಾಕಂದ್ರೆ ಈ ನಂಬಿಕೆ ತುಂಬಾ ಗಟ್ಟಿಯಾಗಿ ಬೇರೂರಿದೆ. ಡೀಪ್ ರಿಮ್ ವೀಲ್ (ಗಾಳಿ ಸೀಳೋಕೆ ಅಂತ ರಿಮ್ಮನ್ನ ಒಳಕ್ಕೆ ಆಳ ಮಾಡಿರೋ ವೀಲ್, ಏರೋ ವೀಲ್ ಅನ್ನೋದು ಇದನ್ನೇ) ಜೋಡಿ 300 ಗ್ರಾಂ ಜಾಸ್ತಿ ಅಂದ್ಕೊಳ್ಳಿ, ಆ ತೂಕ ಪೂರ್ತಿ ರಿಮ್ಮಿನ ಅಂಚಲ್ಲೇ ಇದೆ ಅಂತಲೂ ಇಟ್ಕೊಳ್ಳಿ. ಅಂಚಲ್ಲಿರೋ ತೂಕ ಮುಂದಕ್ಕೂ ಹೋಗ್ಬೇಕು, ಸುತ್ತಲೂ ಬೇಕು, ಹಾಗಾಗಿ ವೇಗ ಹಿಡಿಯುವಾಗ ಎರಡರಷ್ಟು ಶಕ್ತಿ ಕೇಳುತ್ತೆ ಅನ್ನೋದು ನಿಜವೇ. ಆದ್ರೆ ನಿಂತ ಜಾಗದಿಂದ ಗಂಟೆಗೆ 40 ಕಿ.ಮೀ. ಮುಟ್ಟೋವರೆಗೆ ಆ 300 ಗ್ರಾಮಿಗೆ ಬೇಕಾಗೋ ಹೆಚ್ಚುವರಿ ಶಕ್ತಿ ಒಟ್ಟು 37 ಜೂಲ್. 200 ವಾಟ್ ತುಳಿಯೋರಿಗೆ ಅದು 0.2 ಸೆಕೆಂಡಿನ ದುಡಿಮೆಯೂ ಅಲ್ಲ. ಏರಲ್ಲಿ? ಶೇಕಡಾ 5ರ ಏರನ್ನ ಗಂಟೆಗೆ 18 ಕಿ.ಮೀ. ವೇಗದಲ್ಲಿ ಹತ್ತುವಾಗ ಅದೇ 300 ಗ್ರಾಮಿಗೆ ಮುಕ್ಕಾಲು ವಾಟ್ ಖರ್ಚಾಗುತ್ತೆ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗೋಕೆ ಬಿಡದ ಟ್ರಯಾಥ್ಲಾನಲ್ಲಿ ಗುಂಪಿನ ಹಿಂದೆ ಓಡಿ ಹಿಡಿಯೋದು, ತಿರುವಿಂದ ಎದ್ದು ಸ್ಪ್ರಿಂಟ್ ಹೊಡೆಯೋದು ಇಲ್ಲ, ಗಂಟೆಗಟ್ಟಲೆ ಒಂದೇ ಸಮ ತುಳಿಯೋದು. ಭಾರದ ವೀಲ್ ಒಮ್ಮೆ ವೇಗ ಹಿಡಿದ್ರೆ ತಾನೇ ಎಳ್ಕೊಂಡು ಹೋಗುತ್ತೆ ಅನ್ನೋರೂ ಇದ್ದಾರೆ, ಅದೂ ಸುಳ್ಳು, ಕೊಟ್ಟ 37 ಜೂಲಿಗಿಂತ ಒಂದು ಜೂಲೂ ಜಾಸ್ತಿ ಅದು ವಾಪಸ್ ಕೊಡಲ್ಲ.

ಹಾಗಾದ್ರೆ ಶಕ್ತಿ ಎಲ್ಲಿಗೆ ಹೋಗ್ತಿದೆ? ಗಾಳಿಗೆ. ಸಮತಟ್ಟು ರಸ್ತೆಯಲ್ಲಿ ರೇಸ್ ವೇಗದಲ್ಲಿ ನಾವು ತುಳಿಯೋದರ ಸುಮಾರು ಶೇಕಡಾ 80 ಗಾಳಿ ತಳ್ಳೋಕೇ ಹೋಗುತ್ತೆ. ಅದರಲ್ಲೂ ಸಿಂಹಪಾಲು ನಮ್ಮ ಮೈಯದ್ದು, ವೀಲ್ ಪಾಲು ಸಣ್ಣದು. ಕೂರೋ ಭಂಗಿ, ಹೆಲ್ಮೆಟ್, ಮೈಗಂಟೋ ಬಟ್ಟೆ ಸರಿ ಮಾಡ್ಕೊಂಡ ಮೇಲೆ ವೀಲ್ ಕಡೆ ಬರಬೇಕು, ಈ ಕ್ರಮ ತಪ್ಪಿಸಬೇಡಿ. ಆದ್ರೂ ವೀಲ್ ಒಂದು ವಿಶೇಷ ವಸ್ತು, ಸೈಕಲ್ ಯಾವ ವೇಗದಲ್ಲಿ ಹೋಗ್ತಿದೆಯೋ ಅದರ ಎರಡರಷ್ಟು ವೇಗದಲ್ಲಿ ವೀಲಿನ ಮೇಲ್ಭಾಗ ಮುಂದಕ್ಕೆ ನುಗ್ಗುತ್ತೆ, ನೆಲ ಮುಟ್ಟೋ ಜಾಗ ಮಾತ್ರ ಆ ಕ್ಷಣಕ್ಕೆ ನಿಂತೇ ಇರುತ್ತೆ. ಮೇಲೆ ಬರೋ ಪ್ರತಿ ಸ್ಪೋಕೂ ಗಾಳಿಯನ್ನ ಕಡೆಯುತ್ತೆ. ರಿಮ್ ಆಳ ಮಾಡಿದಷ್ಟೂ ಸ್ಪೋಕಿನ ಉದ್ದ ಕಮ್ಮಿ ಆಗುತ್ತೆ, ಅದು ಮೊದಲ ಲಾಭ.

ಆದ್ರೆ ನಿಜವಾದ ವಿಷಯ ಇರೋದು ಗಾಳಿ ಬರೋ ದಿಕ್ಕಲ್ಲಿ, ನನಗೆ ಇಡೀ ಈ ವಿಷಯದಲ್ಲಿ ಅತೀ ಖುಷಿ ಕೊಡೋ ಭಾಗವೂ ಇದೇ. ಮಳೆ ನೆಟ್ಟಗೆ ಸುರೀತಿದ್ರೂ ಜೋರಾಗಿ ನಡೆಯುವಾಗ ಛತ್ರಿಯನ್ನ ಮುಂದಕ್ಕೆ ಬಾಗಿಸ್ತೀವಲ್ಲ, ಯಾಕಂದ್ರೆ ನಡೆಯೋನಿಗೆ ಮಳೆ ಓರೆಯಾಗೇ ಬೀಳೋದು. ಸೈಕಲ್ ಮೇಲೂ ಹೀಗೇ. ಪಕ್ಕದಿಂದ ಬೀಸೋ ಗಾಳಿ ಮತ್ತು ನಾವು ಮುಂದಕ್ಕೆ ಹೋಗ್ತಿರೋದ್ರಿಂದ ಹುಟ್ಟೋ ಎದುರುಗಾಳಿ ಎರಡೂ ಸೇರಿ ಒಂದೇ ಗಾಳಿಯಾಗಿ ಓರೆಯಲ್ಲಿ ಬಂದು ಬಡಿಯುತ್ತೆ. ಆ ಓರೆಗೆ ಯಾ ಆಂಗಲ್ ಅಂತಾರೆ. ಗಂಟೆಗೆ 9 ಕಿ.ಮೀ. ಅಡ್ಡಗಾಳಿ ಇದೆ ಅನ್ನಿ, ಅಂದ್ರೆ ಎಲೆ ಅಲ್ಲಾಡೋಷ್ಟು, ಯಾರೂ ಅದನ್ನ ಗಾಳಿ ಅಂತ ಲೆಕ್ಕಕ್ಕೇ ಇಡಲ್ಲ. ನೀವು 45 ಕಿ.ಮೀ. ವೇಗದಲ್ಲಿ ಹೋಗ್ತಿದ್ರೆ ಆ ಕೋನ 11 ಡಿಗ್ರಿ. 36ರಲ್ಲಿ ಹೋಗ್ತಿದ್ರೆ 14 ಡಿಗ್ರಿ. 27ರಲ್ಲಿ 18 ಡಿಗ್ರಿ ದಾಟುತ್ತೆ! ನಿಧಾನ ಹೋಗೋರಿಗೆ ಗಾಳಿ ಹೆಚ್ಚು ಓರೆ. (ಹವಾಮಾನ ವರದಿಯಲ್ಲಿ ಹೇಳೋ ಗಾಳಿ ವೇಗ 10 ಮೀಟರ್ ಎತ್ತರದಲ್ಲಿ ಅಳೆದಿದ್ದು, ವೀಲ್ ಎತ್ತರದಲ್ಲಿ ಅದಕ್ಕಿಂತ ಸಾಕಷ್ಟು ಕಮ್ಮಿ ಇರುತ್ತೆ, ಹಾಗಾಗಿ ವರದಿಯ ಅಂಕಿ ನೇರವಾಗಿ ಈ ಲೆಕ್ಕಕ್ಕೆ ಹಾಕಬೇಡಿ.)

ಈಗ ಆ ಓರೆ ಗಾಳಿ ರಿಮ್ಮನ್ನ ಹೇಗೆ ದಾಟುತ್ತೆ ನೋಡಿ. ಮುಂದಿನ ವೀಲ್ ಗಾಳಿಯನ್ನ ಒಂದಲ್ಲ, ಎರಡು ಸಲ ಎದುರಿಸುತ್ತೆ. ವೀಲಿನ ಮುಂದಿನ ಅರ್ಧದಲ್ಲಿ ಗಾಳಿಗೆ ಮೊದಲು ಸಿಗೋದು ಟೈರ್, ಕೊನೆಗೆ ರಿಮ್ಮಿನ ಒಳ ಅಂಚು. ಅದೇ ಗಾಳಿ ಸ್ಪೋಕ್‌ಗಳನ್ನ ದಾಟಿ ಹಿಂದಿನ ಅರ್ಧಕ್ಕೆ ಬಂದಾಗ ಎಲ್ಲ ತಿರುವುಮುರುವು, ಮೊದಲು ಸಿಗೋದು ರಿಮ್ಮಿನ ಒಳ ಅಂಚು, ಕೊನೆಗೆ ಟೈರ್. ಹಳೇ ಡೀಪ್ ರಿಮ್‌ಗಳ ಒಳ ಅಂಚು ಇಂಗ್ಲಿಷಿನ ವಿ ಅಕ್ಷರದ ಥರ ಚೂಪಾಗಿರ್ತಿತ್ತು. ಮುಂದಿನ ಅರ್ಧಕ್ಕೆ ಅದು ಚೆನ್ನ, ಹಿಂದಿನ ಅರ್ಧದಲ್ಲಿ ಓರೆ ಗಾಳಿ ಆ ಚೂಪು ತುದಿಗೆ ಬಡಿದ ತಕ್ಷಣ ಬೇರ್ಪಟ್ಟು ಸುಳಿ ಸುಳಿಯಾಗಿಬಿಡುತ್ತೆ. 1990ರ ಆಸುಪಾಸಲ್ಲಿ ಅಮೆರಿಕದ ವೀಲ್ ತಯಾರಕ ಸ್ಟೀವ್ ಹೆಡ್ ಮತ್ತವರ ಜೊತೆಗಾರರು ಪಕ್ಕ ಉಬ್ಬಿರೋ ರಿಮ್ ತಂದ್ರು, ಉಬ್ಬಿನಿಂದ ನಿಧಾನಕ್ಕೆ ದುಂಡಗೆ ಇಳಿಯೋ ಆಕಾರ. ಇವತ್ತು ಎಲ್ಲರೂ ಮಾರೋ ದುಂಡು ಮೂಗಿನ ಅಗಲ ರಿಮ್‌ಗಳೆಲ್ಲ ಆ ದಾರಿಯಲ್ಲೇ ಬಂದಿರೋದು.

ಗಾಳಿ ಬೇರ್ಪಡೋದು ಅಂದ್ನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳದೇ ಮುಂದೆ ಹೋಗೋಕಾಗಲ್ಲ. 1904ರಲ್ಲಿ ಹೈಡೆಲ್‌ಬರ್ಗಲ್ಲಿ ನಡೆದ ಗಣಿತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಜರ್ಮನಿಯ ವಿಜ್ಞಾನಿ ಲುಡ್ವಿಗ್ ಪ್ರಾಂಟಲ್ ಒಂದು ಚಿಕ್ಕ ಉಪನ್ಯಾಸ ಕೊಟ್ಟರು. ವಸ್ತುವಿನ ಮೈಗೆ ತಾಗಿರೋ ಗಾಳಿಯ ಒಂದು ತೆಳು ಪದರ ಘರ್ಷಣೆಯಿಂದ ನಿಧಾನವಾಗುತ್ತೆ, ಆ ಪದರ ಮೈಬಿಟ್ಟು ಎದ್ದುಹೋದಾಗಲೇ ಹಿಂದೆ ದೊಡ್ಡ ಸುಳಿ ಹುಟ್ಟಿ ಎಳೆತ ಜಾಸ್ತಿ ಆಗೋದು ಅಂತ ತೋರಿಸಿದ್ರು. ಕೆಲವೇ ವರ್ಷಕ್ಕೆ, 1912ರಲ್ಲಿ, ಗುಸ್ತಾವ್ ಐಫೆಲ್ (ಹೌದು, ಗೋಪುರ ಕಟ್ಟಿದ ಅದೇ ಐಫೆಲ್, ಗಾಳಿ ಸುರಂಗ ಕಟ್ಟಿ ಪ್ರಯೋಗ ಮಾಡೋದ್ರಲ್ಲೇ ಕೊನೆಗಾಲ ಕಳೆದವರು) ಗೋಲಗಳ ಮೇಲೆ ಗಾಳಿ ಬಿಟ್ಟು ಅಳೀತಾ ಒಂದು ವಿಚಿತ್ರ ಕಂಡ್ರು, ಒಂದು ಹಂತದ ವೇಗ ದಾಟಿದ ಮೇಲೆ ಗೋಲದ ಡ್ರ್ಯಾಗ್ (ಗಾಳಿ ಎಳೆತ) ಗುಣಾಂಕ ದಿಢೀರ್ ಅಂತ ಕುಸೀತಿತ್ತು. 1914ರಲ್ಲಿ ಪ್ರಾಂಟಲ್ ಗೋಲಕ್ಕೆ ಒಂದು ಸಣ್ಣ ತಂತಿ ಸುತ್ತಿ, ಕಮ್ಮಿ ವೇಗದಲ್ಲೇ ಆ ಕುಸಿತ ಬರೋ ಹಾಗೆ ಮಾಡಿ ಕಾರಣ ವಿವರಿಸಿದ್ರು. ತೆಳು ಪದರವನ್ನ ಸ್ವಲ್ಪ ಕದಡಿದ್ರೆ ಅದಕ್ಕೆ ಹೊರಗಿನ ಗಾಳಿಯ ಬಲ ಸಿಕ್ಕಿ ಮೈಗೆ ಇನ್ನಷ್ಟು ದೂರ ಅಂಟಿಕೊಂಡು ಹೋಗುತ್ತೆ! ಕೆಲವು ರಿಮ್ ಮೇಲಿರೋ ಸಣ್ಣ ಸಣ್ಣ ಗುಳಿಗಳ ಹಿಂದಿನ ಯೋಚನೆ ಇದೇ. ನನ್ನ ಪ್ರಕಾರ ಗುಳಿಗಿಂತ ರಿಮ್ಮಿನ ಒಟ್ಟು ಆಕಾರವೇ ಮುಖ್ಯ, ಆದ್ರೆ ತಂತ್ರ ಸುಳ್ಳಲ್ಲ.

ಗಾಳಿ ಮೈಬಿಡದೇ ಅಂಟಿಕೊಂಡು ಹೋದಷ್ಟು ಹೊತ್ತು ಓರೆ ಗಾಳಿಯಿಂದ ಲಾಭವೇ ಆಗುತ್ತೆ. ಆಗ ರಿಮ್ ದೋಣಿಯ ಹಾಯಿ ಕೆಲಸ ಮಾಡುತ್ತೆ, ಪಕ್ಕಕ್ಕೆ ತಳ್ಳೋ ಬಲದಲ್ಲಿ ಒಂದು ಚೂರು ಮುಂದಕ್ಕೂ ತಿರುಗುತ್ತೆ. ಅದಕ್ಕೇ ಒಳ್ಳೇ ಡೀಪ್ ರಿಮ್ಮಿನ ಗ್ರಾಫ್ ನೋಡಿದ್ರೆ ಕೋನ ಜಾಸ್ತಿ ಆದಂತೆ ಡ್ರ್ಯಾಗ್ ಇಳೀತಾ ಹೋಗುತ್ತೆ, ಕೆಲವು ಡಿಸ್ಕ್ ವೀಲ್‌ಗಳಲ್ಲಂತೂ (ಸ್ಪೋಕ್ ಕಾಣದ ಹಾಗೆ ತಟ್ಟೆ ಥರ ಪೂರ್ತಿ ಮುಚ್ಚಿರೋ ವೀಲ್) ಸೊನ್ನೆಗಿಂತ ಕೆಳಗೂ ಹೋಗಿರೋದನ್ನ ಅಳೆದಿದ್ದಾರೆ. ಆಮೇಲೆ ಒಂದು ಕೋನದಲ್ಲಿ ಗಾಳಿ ಕಿತ್ತುಕೊಂಡುಬಿಡುತ್ತೆ, ಗ್ರಾಫ್ ತಟ್ಟನೆ ಮೇಲಕ್ಕೆ. ಇದೇ ಸ್ಟಾಲ್. ಆಳ ಜಾಸ್ತಿ ಇದ್ದು ಆಕಾರ ಚೆನ್ನಾಗಿದ್ರೆ ಸ್ಟಾಲ್ ತಡವಾಗಿ ಬರುತ್ತೆ. ಹಾಗಾಗಿ ವೀಲ್ ಕಂಪನಿ ಒಂದೇ ಒಂದು ಅಂಕಿ ಕೊಟ್ಟು ಇಷ್ಟು ವಾಟ್ ಉಳಿಯುತ್ತೆ ಅಂದ್ರೆ ಕೇಳಬೇಕಾದ ಪ್ರಶ್ನೆ ಎರಡು, ಯಾವ ಕೋನದಲ್ಲಿ, ಯಾವ ವೇಗದಲ್ಲಿ. ಗಾಳಿ ಸುರಂಗದ ಪರೀಕ್ಷೆ ಸಾಮಾನ್ಯವಾಗಿ ಗಂಟೆಗೆ 48 ಕಿ.ಮೀ. ವೇಗದಲ್ಲಿ ಮಾಡೋದು. ವಾಟ್ ಲೆಕ್ಕ ವೇಗದ ಘನಕ್ಕೆ ತಕ್ಕಂತೆ ಏರಿಳಿಯೋದ್ರಿಂದ ಅಲ್ಲಿ ಉಳಿದ 20 ವಾಟ್ 32 ಕಿ.ಮೀ. ವೇಗದಲ್ಲಿ ಹೋಗೋರಿಗೆ ಸುಮಾರು 6 ವಾಟ್ ಆಗುತ್ತೆ.

ಇದನ್ನ ಕೇಳಿದ ತಕ್ಷಣ "ಹಾಗಿದ್ರೆ ಏರೋ ವೀಲ್ ನಮ್ಮಂಥ ನಿಧಾನದವರಿಗಲ್ಲ" ಅಂತ ಕೈಬಿಡ್ತಾರೆ. ಅದು ತಪ್ಪು, ಬೇಜಾರಾಗೋಷ್ಟು ತಪ್ಪು. ವಾಟ್ ಕಮ್ಮಿ ಉಳಿಯುತ್ತೆ ನಿಜ, ಆದ್ರೆ ರಸ್ತೆ ಮೇಲೆ ಇರೋ ಹೊತ್ತು ಜಾಸ್ತಿ. ಐರನ್‌ಮ್ಯಾನ್ ದೂರ, 180 ಕಿ.ಮೀ. ತಗೊಳ್ಳಿ. ವೀಲ್ ಬದಲಾಯಿಸಿ ಒಟ್ಟು ಗಾಳಿ ಎಳೆತ ಶೇಕಡಾ 3 ಇಳೀತು ಅಂತ ಇಟ್ಕೊಂಡು ಲೆಕ್ಕ ಹಾಕಿದ್ರೆ 5 ಗಂಟೆಯಲ್ಲಿ ಮುಗಿಸೋರಿಗೆ ಎರಡೂ ಮುಕ್ಕಾಲು ನಿಮಿಷ ಉಳಿಯುತ್ತೆ, ಆರೂವರೆ ಗಂಟೆಯವರಿಗೆ ಮೂರೂಕಾಲು ನಿಮಿಷದ ಮೇಲೆ. ಇದರ ಮೇಲೆ ಅವರಿಗೆ ಗಾಳಿ ಹೆಚ್ಚು ಓರೆ ಬೇರೆ.

ಮುಂದಿನ ವೀಲ್, ಹಿಂದಿನ ವೀಲ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 1989ರ ಟೂರ್ ಡಿ ಫ್ರಾನ್ಸ್ ಕೊನೇ ದಿನ ವರ್ಸೈಲಿನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಟೈಮ್ ಟ್ರಯಲ್ (ಒಬ್ಬೊಬ್ಬರೇ ಹೊರಟು ಗಡಿಯಾರದ ಜೊತೆ ಪೈಪೋಟಿ ಮಾಡೋ ರೇಸ್) ಇತ್ತು. ಲೊರಾಂ ಫಿನ್ಯೋನ್ 50 ಸೆಕೆಂಡ್ ಮುಂದಿದ್ರು, ಹಿಂದೆ ಮುಂದೆ ಎರಡೂ ಕಡೆ ಡಿಸ್ಕ್ ಹಾಕಿದ್ರು, ತಲೆಗೆ ಹೆಲ್ಮೆಟ್ ಇಲ್ಲ, ಜುಟ್ಟು ಹಾರ್ತಿತ್ತು. ಗ್ರೆಗ್ ಲೆಮಂಡ್ ಹಿಂದೆ ಮಾತ್ರ ಡಿಸ್ಕ್ ಹಾಕಿ, ಏರೋ ಹೆಲ್ಮೆಟ್ ತೊಟ್ಟು, ಟ್ರಯಾಥ್ಲಾನಿನವರು ಆಗಲೇ ಬಳಸ್ತಿದ್ದ ಏರೋ ಬಾರ್ (ಹ್ಯಾಂಡಲ್ಲಿಂದ ಮುಂದಕ್ಕೆ ಚಾಚಿರೋ ಹಿಡಿ) ಮೇಲೆ ಮೊಣಕೈ ಊರಿ ಹೊರಟ್ರು. ಫಿನ್ಯೋನ್ ಆ ದಿನ 58 ಸೆಕೆಂಡ್ ಕಳ್ಕೊಂಡ್ರು, 3,200 ಕಿ.ಮೀ. ಮೇಲಿನ ಇಡೀ ಟೂರ್ 8 ಸೆಕೆಂಡಿನಲ್ಲಿ ಹೋಯ್ತು. ಜಾಸ್ತಿ ಡಿಸ್ಕ್ ಇದ್ದವರು ಸೋತರು, ಭಂಗಿ ಸರಿ ಇದ್ದವರು ಗೆದ್ದರು.

ಹಿಂದಿನ ವೀಲ್ ಹ್ಯಾಂಡಲ್ಲಿನ ಜೊತೆ ತಿರುಗಲ್ಲ, ಅಡ್ಡಗಾಳಿ ಅದನ್ನ ತಳ್ಳಿದ್ರೂ ಸುಲಭಕ್ಕೆ ದಿಕ್ಕು ತಪ್ಪಿಸಲ್ಲ. ಹಾಗಾಗಿ ಹಿಂದೆ ಡಿಸ್ಕ್ ಹಾಕೋಕೆ ಸಾಮಾನ್ಯವಾಗಿ ಹೆದರಬೇಕಿಲ್ಲ, ಇರೋ ವೀಲಿಗೇ ಪ್ಲಾಸ್ಟಿಕ್ ಕವರ್ ಹಾಕಿದ್ರೂ ಹತ್ತಿರ ಹತ್ತಿರ ಅದೇ ಲಾಭ. ನಿಯಮ ಮಾತ್ರ ನೋಡ್ಕೊಳ್ಳಿ, ಹವಾಯಿಯ ಕೋನಾದಲ್ಲಿ ನಡೆಯೋ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ ಡಿಸ್ಕಿಗೆ ಅವಕಾಶ ಇಲ್ಲ, ಲಾವಾ ಬಯಲಲ್ಲಿ ಹಾವಿ ಅನ್ನೋ ಊರಿನ ಕಡೆ ಹೋಗುವಾಗ ಬೀಸೋ ಅಡ್ಡಗಾಳಿಯೇ ಕಾರಣ.

ಮುಂದಿನ ವೀಲ್ ಹಾಗಲ್ಲ. ಗಾಳಿಯ ಬಲ ಸ್ಟಿಯರಿಂಗ್ ಅಕ್ಷಕ್ಕಿಂತ ಮುಂದೆ ಬಿದ್ರೆ ಹ್ಯಾಂಡಲ್ ತಿರುಚಿಕೊಳ್ಳುತ್ತೆ. ಒಂದೇ ಸಮ ಬೀಸೋ ಗಾಳಿಗೆ ಮೈ ಒಗ್ಗುತ್ತೆ, ಕಷ್ಟ ಇರೋದು ಬೀಸಿ ನಿಲ್ಲೋ ಗಾಳಿಯಲ್ಲಿ, ಸ್ಟಾಲ್ ಆಗೋ ಹೊತ್ತಲ್ಲಿ, ಲಾರಿ ಪಕ್ಕ ದಾಟಿದಾಗ, ಗೋಡೆಯ ಮರೆಯಿಂದ ಬಯಲಿಗೆ ಬಂದಾಗ. ದುಂಡು ಮೂಗಿನ ರಿಮ್ ಆ ಬಲವನ್ನ ಅಕ್ಷದ ಹತ್ತಿರಕ್ಕೆ ಹಿಂದೆ ಸರಿಸುತ್ತೆ, ಅದಕ್ಕೇ ಈಗಿನ 60 ಮಿ.ಮೀ. ರಿಮ್ ಹಳೇ ವಿ ಆಕಾರದ ಅಷ್ಟೇ ಆಳದ ರಿಮ್ಮಿಗಿಂತ ಸೌಮ್ಯ. ಆದ್ರೂ ನನ್ನ ಮಾತು ಇಷ್ಟೇ, ಏರೋ ಬಾರಿಂದ ಕೈ ತೆಗೆಯದೇ ಹೋಗೋಕೆ ಆಗೋಷ್ಟು ಆಳ ಮಾತ್ರ ಮುಂದೆ ಹಾಕಿ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಏರೋ ಭಂಗಿಯಲ್ಲಿ ಗಾಳಿಗೆ 150 ವಾಟ್ ಹೋಗೋ ಜಾಗದಲ್ಲಿ, ಹೆದರಿ ಎದ್ದು ಕೂತ್ರೆ 200 ವಾಟ್ ಸುಲಭವಾಗಿ ದಾಟುತ್ತೆ. 50 ಮಿ.ಮೀ. ಬದಲು 80 ಹಾಕಿ ಗಳಿಸೋದು ನಾಲ್ಕಾರು ವಾಟ್, ಎದ್ದು ಕೂತು ಕಳೆಯೋದು ಅದರ ಹತ್ತರಷ್ಟು. ಹಗುರ ಮೈಯವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯ, ಗಾಳಿ ತಳ್ಳೋದು ಅಷ್ಟೇ, ತಡೆಯೋಕೆ ಇರೋ ತೂಕ ಕಮ್ಮಿ.

ಟೈರ್ ವಿಷಯ ಕೊನೆಗೆ ಬಂದ್ರೂ ಚಿಕ್ಕದಲ್ಲ. ಟೈರ್ ರಿಮ್ಮಿಗಿಂತ ಹೊರಗೆ ಉಬ್ಬಿದ್ರೆ ಗಾಳಿ ಆ ಸಂದಿಯಲ್ಲೇ ಕಿತ್ತುಕೊಳ್ಳುತ್ತೆ, ರಿಮ್ಮಿಗೆ ಸುರಿದ ದುಡ್ಡೆಲ್ಲ ಅಲ್ಲೇ ಹೋಯ್ತು. ರಿಮ್ಮಿನ ಹೊರ ಅಗಲ ಟೈರಿಗಿಂತ ಕನಿಷ್ಠ ಶೇಕಡಾ 5 ಜಾಸ್ತಿ ಇರಬೇಕು ಅನ್ನೋ 105ರ ನಿಯಮ ಇದೆ, ಜಾಶ್ ಪೋರ್ಟ್‌ನರ್ ಅನ್ನೋ ಎಂಜಿನಿಯರ್ ಹೇಳಿದ್ದು. ಟೈರ್ ಮೇಲೆ ಅಚ್ಚಾಗಿರೋ ಅಂಕಿ ನಂಬಬೇಡಿ, 25 ಅಂತ ಬರೆದಿರೋ ಟೈರ್ ಒಳಗೆ ಅಗಲ ಇರೋ ರಿಮ್ಮಿಗೆ ಹಾಕಿ ಗಾಳಿ ತುಂಬಿದ್ರೆ 27 ಆಗಿರುತ್ತೆ. ಗಾಳಿ ಹಾಕಿ ಒಂದು ದಿನ ಬಿಟ್ಟು ವರ್ನಿಯರ್ ಕ್ಯಾಲಿಪರಲ್ಲಿ ಅಳೀರಿ, ಅದೂ ಮುಂದಿನ ವೀಲಿಂದೇ ಮೊದಲು. ಹಾಗಂತ ಬರೀ ಗಾಳಿ ನೋಡಿ ಗಟ್ಟಿ ಗೋಡೆಯ ಟೈರ್ ಹಾಕಬೇಡಿ, ಉರುಳೋ ಎಳೆತ ಜಾಸ್ತಿ ಇರೋ ಟೈರ್ ರಿಮ್ ಉಳಿಸಿಕೊಟ್ಟಿದ್ದನ್ನೆಲ್ಲ ತಿಂದುಹಾಕುತ್ತೆ.

ಡೀಪ್ ರಿಮ್ಮಿಗೆ ಉದ್ದ ವಾಲ್ವ್ ಬೇಕು. ಸೀಟಿನ ಕೆಳಗೆ ಕಟ್ಟಿರೋ ಸ್ಪೇರ್ ಟ್ಯೂಬಿನ ವಾಲ್ವೂ ಅಷ್ಟೇ ಉದ್ದ ಇರಲಿ, ಇಲ್ಲಾಂದ್ರೆ ಎಕ್ಸ್‌ಟೆಂಡರ್ ಜೊತೆಗಿರಲಿ, ಹಿಂದೆ ಡಿಸ್ಕ್ ಇದ್ರೆ ಅದರ ಸಣ್ಣ ಕಿಂಡಿಯೊಳಗೆ ಪಂಪಿನ ಬಾಯಿ ಹೋಗಲ್ಲ, ಅದಕ್ಕೆ ಬಾಗಿದ ಅಡಾಪ್ಟರ್ ಬೇರೆಯೇ ಬರುತ್ತೆ. ರೇಸಿನ ಹಿಂದಿನ ದಿನ ಇದನ್ನೆಲ್ಲ ಒಮ್ಮೆ ಬಿಚ್ಚಿ ಹಾಕಿ ನೋಡ್ಕೊಳ್ಳಿ.