ಚಪ್ಪಲಿ ಒಳಗೇ ತನ್ನಿ

ನನ್ನ ಪಾದದ ದವಾಖಾನೆಗೆ ಬರುವವರೆಲ್ಲ ಗುಡಿಗೆ ಬಂದ ಹಾಗೆ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕಾಲಿಡುತ್ತಾರೆ. "ಹಾಕ್ಕೊಂಡೇ ಬರ್ರಿ" ಎಂದರೂ ಕೇಳುವುದಿಲ್ಲ.

ಒಮ್ಮೆ ತೊಗರಿ ರಾಶಿಯ ದಿನಗಳಲ್ಲಿ ಆಳಂದ ಕಡೆಯ ರೈತರೊಬ್ಬರು ಬಂದಿದ್ದರು. ವಯಸ್ಸು 55ರ ಆಸುಪಾಸು, 10 ವರ್ಷದಿಂದ ಶುಗರ್. "ಏನೂ ನೋವಿಲ್ರೀ ಸಾಹೇಬ್ರ, ಈ ಹುಡುಗನೇ ಸುಮ್ನ ಗದ್ಲ ಮಾಡ್ಯಾನ" ಎಂದು ಮಗನ ಕಡೆ ಕೈ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿಗೆ, ಎಂಟಾಣೆ ಅಗಲದ ಗಾಯ. ಸುತ್ತ ಬಿಳಿಚಿದ ದಪ್ಪ ಚರ್ಮ. ಮನೆಯ ಫರಸಿ ಮೇಲೆ ರಕ್ತದ ಹೆಜ್ಜೆ ಮೂಡಿದ್ದನ್ನು ನೋಡಿ ಮಗ ಎಳೆದುಕೊಂಡು ಬಂದಿದ್ದ. ಹೊರಗಿದ್ದ ಹವಾಯಿ ಚಪ್ಪಲಿ ತರಿಸಿ ನೋಡಿದೆ. ಜಾಲಿಮುಳ್ಳೊಂದು ಅಟ್ಟೆ ತೂರಿ, ಮೇಲೆ ಅಕ್ಕಿಕಾಳಿನಷ್ಟು ತಲೆ ಎತ್ತಿತ್ತು. ಅದರ ಮೇಲೆ ಎಷ್ಟು ದಿನ ನಡೆದಿದ್ದರೋ, ಅವರಿಗೇ ಗೊತ್ತಿಲ್ಲ.

ಅವರ ಕಣ್ಣು ಮುಚ್ಚಿಸಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿದೆ. 10 ಗ್ರಾಂ ಭಾರ ಬಿದ್ದ ಕೂಡಲೇ ಬಾಗುವ ಹಾಗೆ ಮಾಡಿದ ಎಳೆ ಅದು. ಮುಟ್ಟಿದಾಗೆಲ್ಲ "ಹೂಂ" ಅನ್ನಬೇಕು. ಸುಮ್ಮನೆ ಕೂತಿದ್ದರು. ಕೊನೆಗೆ ಅವರೇ ಕೇಳಿದರು: "ಯಾವಾಗ ಶುರು ಮಾಡ್ತೀರಿ?" ನಾನು ಆಗಲೇ ಆರು ಕಡೆ ಮುಟ್ಟಿ ಮುಗಿಸಿದ್ದೆ.

ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರಗಳು ಕೆಡುತ್ತವೆ. ಉದ್ದದ ನರಗಳು ಮೊದಲು ಕೆಡುತ್ತವೆ, ಅದಕ್ಕೇ ಕಾಲ್ಬೆರಳಿನಿಂದ ಶುರು. ಜೋಮು, ಉರಿ, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುವುದು, ಆಮೇಲೆ ಏನೂ ಇಲ್ಲ. "ಈಗ ಉರಿ ಕಡಿಮೆ ಆಗ್ಯದ" ಎಂದು ಖುಷಿಯಿಂದ ಹೇಳುವವರನ್ನು ಕಂಡರೆ ನನಗೆ ಭಯ. ಕೆಲವರಿಗೆ ಉರಿ ಗುಣವಾಗಿರುವುದಿಲ್ಲ, ನರವೇ ಸತ್ತಿರುತ್ತದೆ.

ಇಂಥ ಪಾದ ನೋಡುವವರಿಗೆ ಪೊಡಿಯಾಟ್ರಿಸ್ಟ್ ಎನ್ನುತ್ತಾರೆ, ಅಂದರೆ ಪಾದದ ಡಾಕ್ಟರ್. ಇಂಗ್ಲೆಂಡ್, ಅಮೆರಿಕದಲ್ಲಿ ಅದಕ್ಕೇ ಬೇರೆ ಓದು ಇದೆ. ನಮ್ಮಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಸರ್ಜನ್‌ಗಳು, ಶುಗರ್ ಡಾಕ್ಟರುಗಳು. ನಾನೂ ಮೊದಲು ಸರ್ಜನ್ನೇ. ಬೋರ್ಡ್ ಮೇಲೆ ಆ ಹೆಸರೇ ಇರಬೇಕು ಎಂದು ಹುಡುಕುತ್ತಾ ದಿನ ಕಳೆಯಬೇಡಿ. ಜಿಲ್ಲಾಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಹೋದರೂ ಆಯಿತು.

ಯಾವಾಗ ಹೋಗಬೇಕು? ಶುಗರ್ ಇದ್ದವರ ಪಾದದಲ್ಲಿ ಗಾಯ, ಬೊಬ್ಬೆ, ಕೀವು ಕಂಡರೆ ಅವತ್ತೇ. ನೋವು ಇದೆಯೋ ಇಲ್ಲವೋ ಎಂಬ ಲೆಕ್ಕವೇ ಬೇಡ. ಗಾಯ ಇಲ್ಲದೆಯೇ ಒಂದು ಪಾದ ಕೆಂಪಾಗಿ ಊದಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೂ ಅವತ್ತೇ. ಇದನ್ನು ಉಳುಕು ಎಂದು ಭಾವಿಸಿ ತಿಕ್ಕಿಸಿಕೊಂಡು ಬರುತ್ತಾರೆ. ಒಳಗೆ ಎಲುಬುಗಳು ಮೆತ್ತಗಾಗಿ ಮುರಿಯುತ್ತಿರಬಹುದು. ಅದರ ಮೇಲೇ ಓಡಾಡಿದರೆ ಪಾದದ ಕಮಾನು ಕುಸಿದು ಅಂಗಾಲು ದೋಣಿಯ ತಳದಂತೆ ಉಬ್ಬುತ್ತದೆ. ಇದಕ್ಕೆ ಶಾರ್ಕೋ ಪಾದ ಎನ್ನುತ್ತೇವೆ.

ರಕ್ತ ಸಾಕಷ್ಟು ಹರಿಯದ ಕಾಲಿನ ಕಥೆ ಬೇರೆ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್‌ಗೆ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದು ಎರಡು ಸಲ ನಿಲ್ಲಬೇಕೇ? ರಾತ್ರಿ ಪಾದ ನೋಯುತ್ತಿದ್ದು, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುತ್ತದೆಯೇ? ತಡ ಮಾಡಬೇಡಿ. ಬೀಡಿ ಸೇದುವವರು ಈ ಸಾಲನ್ನು ಇನ್ನೊಮ್ಮೆ ಓದಿ. ಪಾದದ ಬೆನ್ನ ಮೇಲೆ ಮತ್ತು ಒಳಗಿಣ್ಣಿನ ಹಿಂದೆ ನಾಡಿ ಹಿಡಿದು ನೋಡುತ್ತೇವೆ. ಕಾಲಿನ ಬಿಪಿ, ಕೈಯ ಬಿಪಿ ಎರಡನ್ನೂ ಅಳೆಯುತ್ತೇವೆ. ಕಾಲಿನದನ್ನು ಕೈಯದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಟ್ಟಿಕೊಂಡಿದೆ ಎಂದರ್ಥ.

ನಮ್ಮ ಬಿಸಿಲಿನದು ಇನ್ನೊಂದು ಕಾಟ. ಕಲಬುರಗಿಯಲ್ಲಿ ಮನೆ, ಗುಡಿ, ಅಂಗಳ ಎಲ್ಲಿ ನೋಡಿದರೂ ಶಹಾಬಾದ್ ಕಲ್ಲು. ಏಪ್ರಿಲ್ ಮಧ್ಯಾಹ್ನ ಅದು ಕಾದ ಹೆಂಚು. ಸ್ಪರ್ಶ ಇದ್ದವರು ಕುಣಿದುಕೊಂಡು ಓಡುತ್ತಾರೆ. ಇಲ್ಲದವರು ನಿಧಾನಕ್ಕೆ ಪ್ರದಕ್ಷಿಣೆ ಹಾಕಿ, ಮರುದಿನ ಅಂಗಾಲು ತುಂಬ ಬೊಬ್ಬೆ ಹೊತ್ತು ಬರುತ್ತಾರೆ. ದೇವರಿಗೆ ಹೋಗಬೇಡಿ ಅನ್ನುತ್ತಿಲ್ಲ. ಬೆಳಿಗ್ಗೆ ಹೋಗಿ, ದಪ್ಪ ಬಿಳಿ ಕಾಲುಚೀಲ ಹಾಕಿ. ಬಿಳಿ ಯಾಕೆಂದರೆ ರಕ್ತ ಹತ್ತಿದರೆ ಕಾಣುತ್ತದೆ. ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಸುಟ್ಟುಕೊಳ್ಳುವವರೂ ಇದ್ದಾರೆ.

ಹಿಮ್ಮಡಿ ನೋವಿಗೆ ಇಷ್ಟು ಅವಸರ ಬೇಡ. ಬೆಳಿಗ್ಗೆ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ತಗ್ಗುವುದು ಹೆಚ್ಚಾಗಿ ಅಂಗಾಲಿನ ಚರ್ಮದಡಿ ಹಿಮ್ಮಡಿಯಿಂದ ಬೆರಳಿನ ಕಡೆಗೆ ಹೋಗುವ ದಪ್ಪ ಪಟ್ಟಿಯ ನೋವು. ಮೆತ್ತನೆ ಚಪ್ಪಲಿ, ಮೀನಖಂಡ ಎಳೆಯುವ ವ್ಯಾಯಾಮ ಸಾಕು. ಆರೇಳು ವಾರವಾದರೂ ಬಗ್ಗದಿದ್ದರೆ ಬನ್ನಿ. ಎಕ್ಸ್‌ರೇಯಲ್ಲಿ "ಎಲುಬು ಬೆಳೆದದ" ಎಂದು ಹೆದರಿಸಿದರೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರಿಗೂ ಅದು ಬೆಳೆದಿರುತ್ತದೆ.

ಆಣಿಯನ್ನು ಮಾತ್ರ ಬ್ಲೇಡಿನಿಂದ ಕೆತ್ತಬೇಡಿ. ಶುಗರ್ ಇದ್ದವರು ಅಂಗಡಿಯ ಆಣಿ ಪಟ್ಟಿಯನ್ನೂ ಅಂಟಿಸಬೇಡಿ, ಅದರಲ್ಲಿರುವ ಆಸಿಡ್ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಆಣಿಯ ನಡುವೆ ಕಪ್ಪು ರಕ್ತದ ಕಲೆ ಕಂಡರೆ ಕೆಳಗೆ ಗಾಯ ಕೂತಿರಬಹುದು.

ಹೊಲದಲ್ಲಿ ದುಡಿಯುವವರಿಗೆ ಇನ್ನೆರಡು ಮಾತು. ಎಂದೋ ಮುಳ್ಳು ಚುಚ್ಚಿದ ಜಾಗದಲ್ಲಿ ನೋವಿಲ್ಲದ ಗಂಟು ಬೆಳೆದು, ತೂತುಗಳಿಂದ ಸಣ್ಣ ಕಾಳಿನಂಥದ್ದು ಸುರಿದರೆ ಅದು ಮದುರಾ ಪಾದ. ಮಣ್ಣಿನ ಬೂಷ್ಟು ಅಥವಾ ಬ್ಯಾಕ್ಟೀರಿಯಾ ಒಳಗೆ ಸೇರಿ ಆಗುವ ರೋಗ. ಶುಗರ್ ಇಲ್ಲದೆಯೂ ಸ್ಪರ್ಶ ಹೋಗಿ ಮೈಮೇಲೆ ಮಾಸಲು ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆ ಆಗಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ.

ಆಳಂದದ ಕಾಕಾನ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಔಷಧಿಗಿಂತ ಜಾಸ್ತಿ ಕೆಲಸ ಮಾಡಿದ್ದು ಆ ಜಾಗದ ಮೇಲೆ ಭಾರ ಬೀಳದಂತೆ ಕಟ್ಟಿದ ಕಟ್ಟು. ಈಗ ಅವರ ಕಾಲಲ್ಲಿ ಮೊಳೆ ಇಲ್ಲದ, ಹಿಂದೆ ಪಟ್ಟಿ ಇರುವ, ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ. ರಾತ್ರಿ ಮೊಮ್ಮಗಳು ಮೊಬೈಲ್ ಟಾರ್ಚ್ ಹಾಕಿ ಅಂಗಾಲು ನೋಡುತ್ತಾಳಂತೆ. ತೋರಿಸಲು ಬಂದಾಗ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಒಳಗೆ ಬರುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಹೇಳುತ್ತಾರೆ: "ಅಲ್ಲಿ ಯಾಕ ಬಿಟ್ಟೀರಿ? ಸಾಹೇಬ್ರು ಮೊದಲ ಅದನ್ನೇ ನೋಡ್ತಾರ."